ಬಚ್ಚಲುಮನೆಯ ಗ್ಯಾಸ್ ಗೀಸರ್ ತೆಗೆದು ಕರೆಂಟ್ ಗೀಸರ್ ಹಾಕಿಸಬೇಕು, ಬಿಲ್ ಎಷ್ಟು ಏರಬಹುದು?

ರಾಜಾಜಿನಗರದವಳು:
ಎಲ್ಲರಿಗೂ ನಮಸ್ಕಾರ. ನಾವಿರುವುದು ರಾಜಾಜಿನಗರದ ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ, ಬಾಡಿಗೆಗೆ. ನಾನು, ಯಜಮಾನರು, ಮಗಳು, ನಮ್ಮ ಅತ್ತೆ. ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಇದೆ, ಸಿಲಿಂಡರ್ ಮಾತ್ರ ಹೊರಗೆ ಪ್ಯಾಸೇಜಿನಲ್ಲಿ. ಕಿಟಕಿ ಅಂತ ಇರುವುದು ಒಂದಡಿಯ ವೆಂಟಿಲೇಟರ್. ಸೊಳ್ಳೆ ಬರುತ್ತವೆ ಅಂತ ಹಿಂದೆ ಇದ್ದವರು ಅದಕ್ಕೂ ಪ್ಲಾಸ್ಟಿಕ್ ಹಾಳೆ ಬಡಿದು ಹೋಗಿದ್ದಾರೆ.

ಚಳಿ ಶುರುವಾದ ಮೇಲೆ ಮಗಳು ತಲೆಸ್ನಾನ ಮಾಡಿ ಬಂದಾಗಲೆಲ್ಲ ತಲೆನೋವು ಅನ್ನುತ್ತಾಳೆ. ಮೊನ್ನೆ ಅತ್ತೆಯೂ ಸ್ನಾನ ಮುಗಿಸಿ ಬಂದವರೇ "ಕಾಲಲ್ಲಿ ಬಲವೇ ಇಲ್ಲ, ವಾಂತಿ ಬರೋ ಹಾಗಿದೆ" ಅಂತ ಕೂತುಬಿಟ್ಟರು. ಗ್ಯಾಸ್ ವಾಸನೆ ಏನೂ ಇಲ್ಲ. ಮೆಕ್ಯಾನಿಕ್ ಬಂದು ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿ, ಎಲ್ಲೂ ಲೀಕ್ ಇಲ್ಲ ಅಂದ.

ನನಗೆ ಕರೆಂಟ್ ಗೀಸರ್ ಹಾಕಿಸಿಬಿಡೋಣ ಅಂತ ಇದೆ. ಓನರ್ ಒಪ್ಪುತ್ತಿಲ್ಲ. ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಸಾಕಾಗಲ್ಲ, ವೈರಿಂಗ್ ಹಳೆಯದು, ಗೃಹಜ್ಯೋತಿ ಕೈತಪ್ಪುತ್ತದೆ ಅಂತ ಮೂರು ಕಾರಣ ಕೊಡುತ್ತಾರೆ. ಈಗ ತಿಂಗಳಿಗೆ 85 ಯೂನಿಟ್ ಆಸುಪಾಸು ಆಗುತ್ತದೆ, ನಮ್ಮ ಗೃಹಜ್ಯೋತಿ ಮಿತಿ 95. ನಿಜವಾಗಿ ಬಿಲ್ ಎಷ್ಟು ಏರುತ್ತದೆ? ಎಷ್ಟು ಲೀಟರಿನದು ತೆಗೆದುಕೊಳ್ಳಬೇಕು? ಬದಲಾಯಿಸಿದವರು ಇದ್ದರೆ ದಯವಿಟ್ಟು ಹೇಳಿ.

ಮೈಸೂರು ಡಾಕ್ಟರ್:
ಮೇಡಂ, ಬಿಲ್ ವಿಷಯ ಆಮೇಲೆ. ಇವತ್ತಿನಿಂದಲೇ ಆ ಗೀಸರ್ ಬಳಸುವುದು ನಿಲ್ಲಿಸಿ. ಒಲೆಯ ಮೇಲೆ ನೀರು ಕಾಯಿಸಿ ಬಕೆಟ್‌ಗೆ ಹಾಕಿಕೊಂಡರೂ ಪರವಾಗಿಲ್ಲ.

ತಲೆನೋವು, ವಾಕರಿಕೆ, ಕಾಲು ಸೋಲುವುದು, ಅದೂ ಸ್ನಾನದ ಹೊತ್ತಿಗೇ ಮನೆಯ ಇಬ್ಬರಿಗೆ. ಇದನ್ನು ಕೇಳಿದ ಯಾವ ವೈದ್ಯರಿಗೂ ಮೊದಲು ಬರುವ ಅನುಮಾನ ಕಾರ್ಬನ್ ಮೊನಾಕ್ಸೈಡ್. ಗ್ಯಾಸ್ ಲೀಕ್ ಬೇರೆ, ಇದು ಬೇರೆ. ಸಿಲಿಂಡರ್ ಗ್ಯಾಸಿಗೆ ಗೊತ್ತಾಗಲಿ ಅಂತ ವಾಸನೆ ಸೇರಿಸಿರುತ್ತಾರೆ. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೋಪಿನ ನೊರೆಯಲ್ಲಿ ಅದು ಸಿಕ್ಕುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ಕಾಲು ಸೋಲುತ್ತದೆ, ಆದ್ದರಿಂದ ಏನೋ ಆಗುತ್ತಿದೆ ಅಂತ ಗೊತ್ತಾದರೂ ಎದ್ದು ಚಿಲಕ ತೆಗೆಯಲು ಆಗುವುದಿಲ್ಲ. ಸಾವುಗಳು ಆಗುವುದು ಹೀಗೆ.

ಇನ್ನೊಂದು ಮಾತು. ಕೋವಿಡ್ ಸಮಯದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಅದನ್ನು ನಂಬಬೇಡಿ. ಅದು ಈ ಅನಿಲ ಅಂಟಿದ ರಕ್ತವನ್ನೂ ಆಮ್ಲಜನಕ ಇರುವ ರಕ್ತ ಅಂತಲೇ ಓದುತ್ತದೆ, 98 ತೋರಿಸಿ ಸಮಾಧಾನ ಮಾಡುತ್ತದೆ.

ಕೆಂಗೇರಿ ಕಡೆಯವ:
ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಪ್ಲಾಸ್ಟಿಕ್ ಹಾಳೆ ಇವತ್ತೇ ಕಿತ್ತು ಬಿಸಾಕಿ ಅಕ್ಕ.

ಹದಿನೈದು ವರ್ಷದ ಗ್ಯಾಸ್ ಬಳಕೆದಾರ:
ಸ್ವಲ್ಪ ಸಮಾಧಾನ ಇರಲಿ. ನಮ್ಮ ಮನೆಯಲ್ಲಿ ವರ್ಷಗಟ್ಟಲೆಯಿಂದ ಗ್ಯಾಸ್ ಗೀಸರ್ ಇದೆ, ಯಾರಿಗೂ ಏನೂ ಆಗಿಲ್ಲ. ಕಿಟಕಿ ತೆಗೆದಿಟ್ಟರೆ ಸಾಕು. ಕರೆಂಟ್ ಹೋದರೂ ಬಿಸಿನೀರು ಬರುತ್ತದೆ, ತಿರುಗಿಸಿದ ಕೂಡಲೇ ಬರುತ್ತದೆ, ಎಷ್ಟು ಜನ ಬಂದರೂ ಬರುತ್ತದೆ. ಎಲ್ಲರನ್ನೂ ಹೆದರಿಸಿ ಕರೆಂಟ್ ಬಿಲ್ ಜಾಸ್ತಿ ಮಾಡಿಸುವುದು ಯಾಕೆ?

ಬಾಯ್ಲರ್ ಎಂಜಿನಿಯರ್:
ಸರ್, ಕೋಪ ಮಾಡಿಕೊಳ್ಳಬೇಡಿ, ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ಕೊಡುವ ಗ್ಯಾಸ್ ಗೀಸರ್ ಅಂದರೆ ಸುಮಾರು 10 ಕಿಲೋವ್ಯಾಟ್ ಶಾಖ. ತಿರುಗಿಸಿದ ಕೂಡಲೇ ಬಿಸಿನೀರು ಬರುವುದು ಅದಕ್ಕೇ. ಅಷ್ಟು ಶಾಖಕ್ಕೆ ಗಂಟೆಗೆ ಹೆಚ್ಚುಕಮ್ಮಿ ಒಂದು ಕಿಲೋ ಗ್ಯಾಸ್ ಉರಿಯಬೇಕು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಐದಡಿ-ಆರಡಿಯ ಬಚ್ಚಲುಮನೆ, ಎಂಟಡಿ ಎತ್ತರ ಅಂದರೆ ಒಳಗಿರುವ ಗಾಳಿ 7 ಘನ ಮೀಟರೂ ಇಲ್ಲ. ಬಾಗಿಲು ಹಾಕಿದರೆ ಅರ್ಧ ಗಂಟೆಗೆ ಸಾಕಾಗುವಷ್ಟು ಗಾಳಿ. ಅದೂ ಮನುಷ್ಯ ಉಸಿರಾಡದೇ ಇದ್ದರೆ! ಆಮ್ಲಜನಕ ಪೂರ್ತಿ ಮುಗಿಯಬೇಕಾಗಿಯೂ ಇಲ್ಲ. ಸ್ವಲ್ಪ ಕಮ್ಮಿಯಾದ ಕೂಡಲೇ ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ.

ನಿಮ್ಮ ಮನೆಯಲ್ಲಿ ಏನೂ ಆಗಿಲ್ಲ ಅಂದರೆ ಗೀಸರ್ ಎಲ್ಲಿದೆ ಹೇಳಿ? ಒಳಗೋ, ಹೊರಗೋ?

ಹದಿನೈದು ವರ್ಷದ ಗ್ಯಾಸ್ ಬಳಕೆದಾರ:
ಹೊರಗೆ, ಯುಟಿಲಿಟಿಯಲ್ಲಿ. ಗ್ರಿಲ್ ಹಾಕಿದ್ದೇವೆ, ಪೂರ್ತಿ ಓಪನ್. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರುತ್ತದೆ.

ಬಾಯ್ಲರ್ ಎಂಜಿನಿಯರ್:
ಅದೇ ಉತ್ತರ ಸರ್. ನಿಮ್ಮದು ಸುರಕ್ಷಿತ ಆಗಿರುವುದು ಜಾಗದಿಂದ. ಅವರದು ಒಳಗೇ ಇದೆ. ಗೀಸರ್ ಜೊತೆ ಬರುವ ಪುಸ್ತಕದಲ್ಲೂ ಸಾಮಾನ್ಯವಾಗಿ ಬಚ್ಚಲಿನೊಳಗೆ ಹಾಕಬೇಡಿ ಅಂತಲೇ ಬರೆದಿರುತ್ತದೆ. ಹಾಕಲು ಬಂದವರು ಅದನ್ನು ಓದುವುದಿಲ್ಲ, ಕೊಂಡವರೂ ಓದುವುದಿಲ್ಲ. ಸಿಲಿಂಡರ್ ಹೊರಗಿಟ್ಟರೆ ಆಯ್ತು ಅಂದುಕೊಳ್ಳುತ್ತಾರೆ. ಉರಿಯುವುದು ಎಲ್ಲಿ ಅನ್ನುವುದು ಮುಖ್ಯ. ಪೈಪ್ ಗ್ಯಾಸ್ ಆದರೂ ಇದೇ ಕಥೆ.

ಹುಬ್ಬಳ್ಳಿ ಮಂದಿ:
ಎಕ್ಸಾಸ್ಟ್ ಫ್ಯಾನ್ ಹಾಕಿದ್ರ ನಡಿಯೂದಿಲ್ಲೇನ್ರಿ? ನಮ್ಮಲ್ಲಿ ಭಾಳ ಮಂದಿ ಹಂಗs ಮಾಡ್ಯಾರ.

ಬಾಯ್ಲರ್ ಎಂಜಿನಿಯರ್:
ಫ್ಯಾನ್ ಗಾಳಿ ಎಳೆಯಬೇಕಾದರೆ ಇನ್ನೊಂದು ಕಡೆಯಿಂದ ಗಾಳಿ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿ ಇಲ್ಲದಿದ್ದರೆ ಅದು ಸುಮ್ನೆ ಸದ್ದು ಮಾಡುತ್ತದೆ. ಅದೂ ಅಲ್ಲದೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗ್ಯಾಸ್ ಗೀಸರ್ ಮಾತ್ರ ಬ್ಯಾಟರಿ ಸೆಲ್ ಮೇಲೆ ಉರಿಯುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಚಳಿ ಅಂತ ಫ್ಯಾನ್ ಹಾಕದೇ ಇರುವವರೇ ಜಾಸ್ತಿ. ಜೀವವನ್ನು ಒಂದು ಸ್ವಿಚ್ಚಿನ ನೆನಪಿನ ಮೇಲೆ ಬಿಡಬಾರದು.

ಮಂಡ್ಯದ ಶಿವು:
ನಮ್ಮ ಕಡೆ ಸ್ನಾನ ಮಾಡುವಾಗ ಫಿಟ್ಸ್ ಬಂದು ಬೀಳುವವರು ಇದ್ದಾರೆ, ಅವರ ಮನೆಯಲ್ಲಿ ಗ್ಯಾಸ್ ಗೀಸರೇ ಇಲ್ಲ, ಹಂಡೆ ನೀರು. ಹಾಗಾಗಿ ಎಲ್ಲದಕ್ಕೂ ಗೀಸರ್ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ ಅನ್ನಿಸುತ್ತದೆ.

ಮೈಸೂರು ಡಾಕ್ಟರ್:
ಶಿವು ಅವರೇ, ಒಳ್ಳೆಯ ಪಾಯಿಂಟ್. ಅದು ಬೇರೆಯೇ ಕಾಯಿಲೆ, ಬಿಸಿನೀರಿನ ಮೂರ್ಛೆ. ತುಂಬಾ ಬಿಸಿ ನೀರನ್ನು ತಲೆಯ ಮೇಲೆ ಬೇಗ ಬೇಗ ಸುರಿದುಕೊಂಡಾಗ ಕೆಲವರಿಗೆ ಬರುತ್ತದೆ. ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲೂ ಮೈಸೂರು-ಮಂಡ್ಯ-ಬೆಂಗಳೂರು ಕಡೆ, ಬೇರೆಡೆಗಿಂತ ಜಾಸ್ತಿ ಕಾಣುತ್ತದೆ. ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಗಂಡಸರಲ್ಲಿ ಜಾಸ್ತಿ. ನೀರಿನ ಬಿಸಿ ಕಮ್ಮಿ ಮಾಡಿದರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ, ಉಳಿದವರಿಗೆ ಔಷಧಿ ಇದೆ.

ಗೊಂದಲ ಆಗುವುದು ಇಲ್ಲೇ. ಗ್ಯಾಸ್ ಗೀಸರ್ ಇರುವ ಮನೆಯಲ್ಲೂ ಬಚ್ಚಲಿನಲ್ಲಿ ಬಿದ್ದು ಫಿಟ್ಸ್ ತರಹ ಕಾಣಿಸಿಕೊಳ್ಳಬಹುದು, ಮನೆಯವರು ಮೂರ್ಛೆರೋಗ ಅಂತ ಮಾತ್ರೆ ಶುರು ಮಾಡಿಸುತ್ತಾರೆ, ಗೀಸರ್ ಗೋಡೆಯ ಮೇಲೆ ಹಾಗೇ ಇರುತ್ತದೆ. ಆದ್ದರಿಂದ ಸ್ನಾನ ಮಾಡುವಾಗ ಬಿದ್ದರು ಅಂತ ಯಾರೇ ಆಸ್ಪತ್ರೆಗೆ ಬಂದರೂ "ನಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ" ಅಂತ ನೀವಾಗಿಯೇ ಹೇಳಿ. ಕೇಳಲಿ ಅಂತ ಕಾಯಬೇಡಿ. ಗರ್ಭಿಣಿಯರು ಮನೆಯಲ್ಲಿದ್ದರಂತೂ ಇನ್ನೂ ಎಚ್ಚರ ಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಗಿಂತ ಜಾಸ್ತಿ ಅಪಾಯ.

ಬಿಲ್ ಲೆಕ್ಕ:
ಸರಿ, ಈಗ ದುಡ್ಡಿನ ವಿಷಯಕ್ಕೆ ಬರೋಣ. ಗ್ಯಾಸ್ ಅಗ್ಗ, ಕರೆಂಟ್ ದುಬಾರಿ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಕೂತು ಲೆಕ್ಕ ಹಾಕುವವರು ಕಮ್ಮಿ.

20 ಲೀಟರ್ ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಮ್ಮಿ ಬೇಕು. ಅರ್ಧ ಅಂತಲೇ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಬೆಸ್ಕಾಂ ಮನೆ ದರ 2025-26ರಲ್ಲಿ ಯೂನಿಟ್‌ಗೆ 5.80 ರೂಪಾಯಿ, ಮೇಲೆ 9% ತೆರಿಗೆ ಮತ್ತು ಸರ್‌ಚಾರ್ಜು. ಎಲ್ಲಾ ಸೇರಿ 6.50ರಿಂದ 7 ರೂಪಾಯಿ. ಅಂದರೆ 60 ಯೂನಿಟ್‌ಗೆ 400 ರೂಪಾಯಿ ಆಸುಪಾಸು.

ಈಗ ಗ್ಯಾಸ್. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇರುತ್ತದೆ. ಗೀಸರಿನಲ್ಲಿ ಅದರಲ್ಲಿ 150ರಷ್ಟು ನೀರಿಗೆ ಸಿಗುತ್ತದೆ ಅಂದುಕೊಳ್ಳಿ, ಉಳಿದದ್ದು ಗಾಳಿಗೆ. 2025ರಲ್ಲಿದ್ದ ಹಾಗೆ ಸಿಲಿಂಡರಿಗೆ 850-900 ರೂಪಾಯಿ ಅಂದರೆ ಯೂನಿಟ್‌ಗೆ ಹತ್ತಿರ ಹತ್ತಿರ 6 ರೂಪಾಯಿ. ಅದೇ 60 ಯೂನಿಟ್ ಶಾಖಕ್ಕೆ 350 ರೂಪಾಯಿ.

ವ್ಯತ್ಯಾಸ ತಿಂಗಳಿಗೆ 50 ರೂಪಾಯಿ. ಎರಡು ಕಾಫಿ-ಇಡ್ಲಿ ದುಡ್ಡೂ ಅಲ್ಲ. ಇದಕ್ಕೋಸ್ಕರ ಜನ ಬಚ್ಚಲಿನೊಳಗೆ ಬೆಂಕಿ ಇಟ್ಟುಕೊಂಡಿದ್ದಾರೆ ಅಂದರೆ ಹೊಟ್ಟೆ ಉರಿಯುತ್ತದೆ.

ಶವರ್ ಪ್ರಿಯೆ:
ಬಕೆಟ್ ಲೆಕ್ಕ ಸರಿ. ಆದರೆ ಶವರ್? ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು ಶವರ್ ಕೆಳಗೆ ನಿಂತರೆ ಹೊರಗೆ ಬರುವುದೇ ಇಲ್ಲ.

ಬಿಲ್ ಲೆಕ್ಕ:
ಶವರಿನಲ್ಲಿ 50-60 ಲೀಟರ್ ಸುಲಭವಾಗಿ ಹೋಗುತ್ತದೆ, ಅಂದರೆ ಒಬ್ಬರಿಗೆ ಒಂದೂಕಾಲು ಯೂನಿಟ್. ಆಗ ಎರಡರ ಖರ್ಚೂ ಏರುತ್ತದೆ, ಗ್ಯಾಸಿನದೂ ಕರೆಂಟಿನದೂ. ಅನುಪಾತ ಅದೇ.

ಯಶವಂತಪುರ:
ಗೃಹಜ್ಯೋತಿ ಬಗ್ಗೆ ಯಾರೂ ಹೇಳಲಿಲ್ಲ. ಓನರ್ ಹೇಳಿದ್ದು ಅರ್ಧ ಸತ್ಯ. ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾದಾಗಿನಿಂದ ನಿಯಮ ಹೀಗಿದೆ: ನಿಮ್ಮ ಹಳೇ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಟ್ಟಿರುತ್ತಾರೆ. ಅದನ್ನು ದಾಟಿದರೂ 200 ಯೂನಿಟ್ ಒಳಗಿದ್ದರೆ ಜಾಸ್ತಿಯಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಆ ತಿಂಗಳು ಪೂರ್ತಿ ಬಿಲ್.

ನಿಮ್ಮದು 85, ಗೀಸರಿಗೆ 60 ಸೇರಿದರೆ 145. ಮಿತಿ 95. ಕಟ್ಟಬೇಕಾದ್ದು 50 ಯೂನಿಟ್‌ಗೆ, ಹೆಚ್ಚುಕಮ್ಮಿ 350 ರೂಪಾಯಿ. ಗ್ಯಾಸಿನ ಖರ್ಚಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಉಳಿಯುತ್ತದೆ. ಸಿಲಿಂಡರ್ ಈಗ ಬರುವುದಕ್ಕಿಂತ ಎಷ್ಟೋ ದಿನ ಜಾಸ್ತಿ ಬರುತ್ತದೆ ನೋಡಿ. 180-190 ಯೂನಿಟ್ ಬಳಸುವ ಮನೆಯವರು ಮಾತ್ರ ಹುಷಾರಾಗಿರಬೇಕು. ಅವರಿಗೆ ಇದು ನಿಜವಾಗಿ ಹೊಡೆತ.

ವೈರ್‌ಮನ್ ಹಾಸನ:
ನಾನು ಈ ಕೆಲಸವನ್ನೇ ಮಾಡುವವನು. ಲೆಕ್ಕ ಎಲ್ಲಾ ಚೆನ್ನಾಗಿದೆ, ಆದರೆ ಹಳೇ ಮನೆಯ ವೈರಿಂಗ್ ಬಗ್ಗೆ ಓನರ್ ಹೇಳಿದ್ದನ್ನು ತಳ್ಳಿಹಾಕಬೇಡಿ. ಅದರಲ್ಲಿ ಸತ್ಯ ಇದೆ.

2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13 ಆಂಪ್. ಬಚ್ಚಲಿನ ಲೈಟಿಗೆ ಎಳೆದ ವೈರಿನಿಂದಲೇ ಕೊಂಡಿ ತೆಗೆದು ಗೀಸರ್ ಹಾಕುವವರನ್ನು ಎಷ್ಟು ಕಡೆ ನೋಡಿದ್ದೇನೆ. ಬೋರ್ಡ್ ಬಿಚ್ಚಿದರೆ ಪ್ಲಗ್ ಹಿಂದೆ ವೈರಿನ ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತದೆ. ಮೀಟರ್ ಬೋರ್ಡಿನಿಂದ ಗೀಸರಿಗೇ ಅಂತ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್. 16 ಆಂಪ್ ಸ್ವಿಚ್ ಮತ್ತು ಸಾಕೆಟ್, ಅದಕ್ಕೆ ತಕ್ಕ ಎಂಸಿಬಿ. ಸ್ವಿಚ್ ಬಚ್ಚಲಿನ ಹೊರಗಿರಲಿ.

ಎಲ್ಲಕ್ಕಿಂತ ಮುಖ್ಯ ಅರ್ತಿಂಗ್. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಇದ್ದರೂ ಕೆಳಗೆ ಗುಂಡಿ ಒಣಗಿರುತ್ತದೆ. ಮೀಟರ್ ಇಟ್ಟು ಚೆಕ್ ಮಾಡಿಸಿ, ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಗ್ಯಾಸಿನ ಭಯಕ್ಕೆ ಕರೆಂಟಿಗೆ ಬಂದು ಅಲ್ಲಿ ಶಾಕ್ ಹೊಡೆಸಿಕೊಳ್ಳಬಾರದು ಅಲ್ವಾ.

ವಿಜಯನಗರ ಓನರ್:
ನಾನು ಓನರ್ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನಮ್ಮದು ನಾಲ್ಕು ಮನೆಯ ಕಟ್ಟಡ. ಕಟ್ಟಿಸಿದಾಗ ಮನೆಗೆ 2 ಕಿಲೋವ್ಯಾಟ್ ಲೋಡ್ ತೆಗೆದುಕೊಂಡಿದ್ದು. ಒಬ್ಬರು ಗೀಸರ್ ಹಾಕಿದರೆ ಎಲ್ಲರೂ ಹಾಕುತ್ತಾರೆ. ಜೊತೆಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷೀನ್. ಲೋಡ್ ಏರಿಸಬೇಕಾದರೆ ಅರ್ಜಿ, ಡೆಪಾಸಿಟ್ಟು, ಲೈಸೆನ್ಸ್ ಇರುವ ಕಂಟ್ರಾಕ್ಟರ್, ಕೆಲವು ಕಡೆ ಸರ್ವೀಸ್ ಕೇಬಲ್ಲೇ ಬದಲಾಯಿಸಬೇಕು. ಆಮೇಲೆ ಪ್ರತಿ ಕಿಲೋವ್ಯಾಟಿಗೆ ತಿಂಗಳ ನಿಗದಿ ಶುಲ್ಕ ಬೇರೆ. ಇದನ್ನೆಲ್ಲ ಯಾರು ಕೊಡುವುದು? ಬಾಡಿಗೆದಾರರು ಒಂದು ವರ್ಷಕ್ಕೆ ಖಾಲಿ ಮಾಡಿಕೊಂಡು ಹೋಗುತ್ತಾರೆ.

ಶವರ್ ಪ್ರಿಯೆ:
ಸರ್, ತಿಂಗಳು ತಿಂಗಳು ಬಾಡಿಗೆ ತೆಗೆದುಕೊಳ್ಳುವವರು ಯಾರು? ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಹಾಕಿಸಿಕೊಟ್ಟವರು ಯಾರು?

ವಿಜಯನಗರ ಓನರ್:
ನಮ್ಮಲ್ಲಿ ನಾನು ಹಾಕಿಸಿಲ್ಲ ತಾಯಿ. ಬಾಡಿಗೆಗೆ ಬಂದವರೇ ತಂದು ತಗುಲಿಸುತ್ತಾರೆ, ನಮಗೆ ಗೋಡೆಯ ತೂತು ಕಂಡ ಮೇಲೆ ಗೊತ್ತಾಗುತ್ತದೆ. ಆದರೆ ಇಲ್ಲಿ ಓದಿದ ಮೇಲೆ ಒಳಗೆ ಇರುವುದನ್ನು ತೆಗೆಸುತ್ತೇನೆ. ಖರ್ಚು ಹಂಚಿಕೊಳ್ಳೋಣ ಅನ್ನುವುದಷ್ಟೇ ನನ್ನ ಮಾತು. ವೈರಿಂಗ್ ಮತ್ತು ಲೋಡ್ ಓನರ್ ನೋಡಿಕೊಳ್ಳಲಿ, ಅದು ಕಟ್ಟಡಕ್ಕೆ ಉಳಿಯುವಂಥದ್ದು. ಗೀಸರ್ ಬಾಡಿಗೆದಾರರು ಕೊಳ್ಳಲಿ, ಹೋಗುವಾಗ ಬಿಚ್ಚಿಕೊಂಡು ಹೋಗಲಿ.

ಕೆಂಗೇರಿ ಕಡೆಯವ:
ಇದು ನ್ಯಾಯ. ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಓನರ್ ಹೆಸರಿನಲ್ಲೇ ಇರುವುದರಿಂದ ಲೋಡಿಗೆ ಅರ್ಜಿ ಅವರೇ ಹಾಕಬೇಕಾಗುತ್ತದೆ.

ರೀಡಿಂಗ್ ಕನ್ನಡಿಗ:
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಮನೆ ಬೆಚ್ಚಗಿಡಲು, ಸ್ನಾನಕ್ಕೆ ಎರಡಕ್ಕೂ ಗ್ಯಾಸ್ ಬಾಯ್ಲರ್. ಅದರ ಹೊಗೆ ಹೋಗಲು ಗೋಡೆಯಿಂದ ಹೊರಕ್ಕೆ ಕೊಳವೆ ಕಡ್ಡಾಯ. ಬಾಡಿಗೆ ಮನೆಯಾದರೆ ಓನರ್ ಪ್ರತಿ ವರ್ಷ ಗ್ಯಾಸ್ ತಪಾಸಣೆ ಮಾಡಿಸಲೇಬೇಕು. 2022ರ ಅಕ್ಟೋಬರ್‌ನಿಂದ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡುವುದೂ ಓನರ್ ಜವಾಬ್ದಾರಿ. ನಮ್ಮೂರಲ್ಲೂ ಇಂಥ ಕಾನೂನು ಇದ್ದಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು ಅನ್ನಿಸುತ್ತದೆ.

ನಾವು ಈಗ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸುತ್ತಿದ್ದೇವೆ. ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತದೆ. ಇಲ್ಲಿ ಕರೆಂಟಿನ ಯೂನಿಟ್ ದರ ಗ್ಯಾಸಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಆದರೆ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ಗೂ ಜಾಸ್ತಿ ಶಾಖ ಕೊಡುತ್ತದೆ, ಹೊರಗಿನ ಗಾಳಿಯ ಶಾಖವನ್ನು ಎಳೆದು ಒಳಗೆ ತರುತ್ತದೆ. ಹಾಗಾಗಿ ಸರಿತೂಗುತ್ತದೆ. ಬೆಂಗಳೂರಿನಲ್ಲಿ ಎರಡರ ದರವೂ ಸಮ ಸಮ ಇದೆ ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ, ಜೊತೆಗೆ ಹೊರಗೆ ಅಷ್ಟು ಬೆಚ್ಚಗಿರುತ್ತದೆ. ಅಲ್ಲಿ ಇದು ಇನ್ನೂ ಲಾಭ ಅಲ್ವಾ?

ಬಾಯ್ಲರ್ ಎಂಜಿನಿಯರ್:
ನೂರಕ್ಕೆ ನೂರು. ಬೆಂಗಳೂರಿನ ಹವೆ ಹೀಟ್ ಪಂಪಿಗೆ ಹೇಳಿ ಮಾಡಿಸಿದ್ದು. ಆದರೆ 200 ಲೀಟರಿನದು ಲಕ್ಷ ದಾಟುತ್ತದೆ, ಜಾಗವೂ ಬೇಕು. ನಾಲ್ಕು ಜನರ ಮನೆಗೆ ಆ ದುಡ್ಡು ಹುಟ್ಟುವುದು ಕಷ್ಟ. ಪಿಜಿ, ಹಾಸ್ಟೆಲ್, ಹೋಟೆಲ್, ಕಲ್ಯಾಣ ಮಂಟಪ ಇಂಥವರು ಕಣ್ಣು ಮುಚ್ಚಿ ಹಾಕಿಸಬಹುದು.

ತೀರ್ಥಹಳ್ಳಿ ಕಡೆಯವಳು:
ನಮ್ಮ ಊರಲ್ಲಿ ಇವತ್ತಿಗೂ ತಾಮ್ರದ ಹಂಡೆ, ಬಚ್ಚಲ ಒಲೆ. ಅಡಿಕೆ ಹಾಳೆ, ತೆಂಗಿನ ಮಟ್ಟೆ, ಒಣಗಿದ ಸೋಗೆ ಏನು ಸಿಕ್ಕರೂ ಒಲೆಗೆ. ಮಳೆಗಾಲದಲ್ಲಿ ತೋಟದಿಂದ ಬಂದವರು ಆ ನೀರಿನಲ್ಲಿ ಮಿಂದರೆ ಮೈಕೈ ನೋವೇ ಇರುವುದಿಲ್ಲ. ಹೊಗೆ ಇದ್ದರೂ ಯಾರಿಗೂ ಹೀಗೆ ಆಗಿದ್ದು ಕೇಳಿಲ್ಲ.

ಮಂಡ್ಯದ ಶಿವು:
ಹಂಡೆ ನೀರಿನ ಸುಖ ಯಾವ ಗೀಸರಿಗೂ ಬರಲ್ಲ ಬಿಡಿ ಅಕ್ಕ.

ಮೈಸೂರು ಡಾಕ್ಟರ್:
ನಿಮ್ಮ ಬಚ್ಚಲಿಗೆ ಹೆಂಚಿನ ಮಾಡು, ಗೋಡೆ-ಮಾಡಿನ ನಡುವೆ ಕೈ ತೂರುವಷ್ಟು ಸಂದಿ. ಎಷ್ಟೋ ಮನೆಯಲ್ಲಿ ಒಲೆಗೆ ಸೌದೆ ಹಾಕುವ ಬಾಯಿಯೇ ಹೊರಗಿರುತ್ತದೆ. ಹಿರಿಯರು ಹಾಗೆ ಕಟ್ಟಿದ್ದು ಸುಮ್ನೆ ಅಲ್ಲ. ಅದೇ ಊರಿನವರು ಈಗ ಆರ್‌ಸಿಸಿ ಮನೆ ಕಟ್ಟಿ, ನೆಲದಿಂದ ತಾರಸಿವರೆಗೆ ಟೈಲ್ಸ್ ಹಾಕಿ, ಅದರೊಳಗೆ ಗ್ಯಾಸ್ ಗೀಸರ್ ಇಡುತ್ತಿದ್ದಾರೆ. ಮನೆ ಬದಲಾಗಿದೆ, ಬೆಂಕಿ ಒಳಗೇ ಉಳಿದಿದೆ.

ತುಮಕೂರು ಸೋಲಾರ್:
ಸ್ವಂತ ಮನೆ ಇರುವವರು ಸೋಲಾರ್ ಬಿಟ್ಟು ಬೇರೆ ಯೋಚನೆ ಮಾಡಬಾರದು. ನಮ್ಮ ಕಡೆ ವರ್ಷದಲ್ಲಿ ಬಹುಪಾಲು ತಿಂಗಳು ಬಿಸಿಲೇ ನೀರು ಕಾಯಿಸುತ್ತದೆ. ಜುಲೈ-ಆಗಸ್ಟ್ ಮೋಡದ ದಿನಗಳಿಗೆ ಟ್ಯಾಂಕಿನಲ್ಲೇ ಕರೆಂಟ್ ಕಾಯಿಲ್ ಇರುತ್ತದೆ. ಬಾಡಿಗೆ ಮನೆಯವರ ಕಥೆ ಬೇರೆ, ಒಪ್ಪುತ್ತೇನೆ.

ಯಶವಂತಪುರ:
ಸೋಲಾರಿನಲ್ಲಿ ಒಂದು ಕಷ್ಟ. ಮೂರನೇ ಮಹಡಿಯ ಟ್ಯಾಂಕಿನಿಂದ ಕೆಳಗಿನ ಮನೆಗೆ ಬಿಸಿನೀರು ಬರುವ ಹೊತ್ತಿಗೆ ಎರಡು ಬಕೆಟ್ ತಣ್ಣೀರು ಹರಿದು ಹೋಗಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರಿಗೆ ಅದು ಹೊಟ್ಟೆ ಉರಿ.

ತುಮಕೂರು ಸೋಲಾರ್:
ಆ ತಣ್ಣೀರನ್ನು ಬಕೆಟ್‌ಗೆ ಹಿಡಿದು ಪಾತ್ರೆ ತೊಳೆಯಲು ಬಳಸಿ ಸರ್, ಚೆಲ್ಲುವುದು ಯಾಕೆ.

ರಾಜಾಜಿನಗರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಹೇಳಿದ ದಿನವೇ ಗೀಸರ್ ನಿಲ್ಲಿಸಿದೆವು. ಅತ್ತೆಯನ್ನು ಆಸ್ಪತ್ರೆಗೂ ತೋರಿಸಿದೆವು, ಈಗ ಆರಾಮಾಗಿದ್ದಾರೆ. ಮಗಳಿಗೆ ಆ ತಲೆನೋವು ಮತ್ತೆ ಬಂದಿಲ್ಲ. ಪ್ಲಾಸ್ಟಿಕ್ ಹಾಳೆ ತೆಗೆದು ಸೊಳ್ಳೆ ಜಾಲರಿ ಹಾಕಿದ್ದೇವೆ.

ಇಲ್ಲಿನ ಲೆಕ್ಕವನ್ನೇ ಓನರ್‌ಗೆ ತೋರಿಸಿದೆ. ಅವರೂ ವಿಜಯನಗರದವರು ಹೇಳಿದ ಹಾಗೆ ಹಂಚಿಕೊಳ್ಳಲು ಒಪ್ಪಿದ್ದಾರೆ, ಬಿಲ್ಲಿನಲ್ಲಿ ನೋಡಿದರೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದೆಯಂತೆ. ಈಗ ಉಳಿದ ಪ್ರಶ್ನೆ: 3 ಲೀಟರಿನ ಇನ್‌ಸ್ಟಂಟ್ ತೆಗೆದುಕೊಳ್ಳಲೋ, 15 ಲೀಟರೋ, 25 ಲೀಟರೋ? ಅಂಗಡಿಯವನು 3 ಲೀಟರಿನದು ಸಾಕು, ಕರೆಂಟ್ ಕಮ್ಮಿ ಅನ್ನುತ್ತಾನೆ.

ವೈರ್‌ಮನ್ ಹಾಸನ:
ಬಚ್ಚಲಿಗೆ ಅದು ಬೇಡ ಮೇಡಂ. 3 ಲೀಟರಿನದರಲ್ಲಿ ಇರುವುದು 3 ಕಿಲೋವ್ಯಾಟ್ ಕಾಯಿಲ್. 20 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಎರಡು ಲೀಟರ್ ಮೇಲೆ ಸ್ವಲ್ಪ ಬರುತ್ತದೆ, ಬಕೆಟ್ ತುಂಬಲು ಒಂಬತ್ತು ನಿಮಿಷ. ಗ್ಯಾಸ್ ಗೀಸರ್ ರಭಸಕ್ಕೆ ರೂಢಿಯಾದವರಿಗೆ ಬೇಜಾರಾಗುತ್ತದೆ. ಅದು ಅಡುಗೆಮನೆ ಸಿಂಕಿಗೆ ಸರಿ. ನಿಮ್ಮ ಲೋಡ್ ಪೂರ್ತಿ ಅದೊಂದೇ ನುಂಗುತ್ತದೆ, ಆಗ ಮೋಟರ್ ಹಾಕಿದರೆ ದಾಟಿಬಿಡುತ್ತದೆ.

15 ಲೀಟರ್, 2 ಕಿಲೋವ್ಯಾಟ್, 5 ಸ್ಟಾರ್ ತೆಗೆದುಕೊಳ್ಳಿ. 60 ಡಿಗ್ರಿಗೆ ಕಾದ 15 ಲೀಟರಿಗೆ ತಣ್ಣೀರು ಬೆರೆಸಿದರೆ 28 ಲೀಟರ್ ಹದವಾದ ನೀರು, ಅಂದರೆ ಒಂದೂವರೆ ಬಕೆಟ್ ಹತ್ತಿರ. ಮತ್ತೆ ಕಾಯಲು 20 ನಿಮಿಷ. ಒಬ್ಬರ ಹಿಂದೆ ಒಬ್ಬರು ಗಡಿಬಿಡಿಯಲ್ಲಿ ಸ್ನಾನ ಮಾಡುವ ಮನೆಯಾದರೆ 25 ಲೀಟರ್.

ಹದಿನೈದು ವರ್ಷದ ಗ್ಯಾಸ್ ಬಳಕೆದಾರ:
ಕರೆಂಟ್ ಹೋದರೆ?

ವೈರ್‌ಮನ್ ಹಾಸನ:
5 ಸ್ಟಾರ್‌ನದರಲ್ಲಿ ಒಮ್ಮೆ ಕಾದ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ ಸರ್. ಬೆಳಗ್ಗೆ ಎದ್ದ ಕೂಡಲೇ ಕಾಯಿಸಿ ಆಫ್ ಮಾಡಿ. ಇಡೀ ದಿನ ಆನ್ ಇಡಬೇಡಿ.

ವೈಟ್‌ಫೀಲ್ಡ್ ಬೋರ್‌ವೆಲ್:
ನೀರು ಯಾವುದು ಅಂತ ಕೇಳಲೇ ಇಲ್ಲ ಯಾರೂ! ಬೋರ್ ನೀರಾದರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ನಮ್ಮ ಮನೆಯದನ್ನು ಬಿಚ್ಚಿದಾಗ ಒಳಗಿನಿಂದ ಬಿಳಿ ಚೂರುಗಳು ಸೇರುಗಟ್ಟಲೆ ಬಿದ್ದವು, ಕಾಯಿಲ್ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ನೀರು ಕಾಯಲು ಜಾಸ್ತಿ ಹೊತ್ತು, ಕರೆಂಟೂ ಜಾಸ್ತಿ. ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ, ಒಳಗಿನ ಆನೋಡ್ ರಾಡ್ ಕರಗಿದ್ದರೆ ಬದಲಾಯಿಸಿ. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಕಾವೇರಿ ನೀರಾದರೆ ಇಷ್ಟು ಕಾಟ ಇಲ್ಲ.

ಕೆಂಗೇರಿ ಕಡೆಯವ:
2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯ್ತಲ್ಲ, ಬೆಂಗಳೂರಿಗೆ ಸೇರಿದ 110 ಹಳ್ಳಿಗೆ ಅಂತ. ನಿಮ್ಮಲ್ಲಿಗೆ ಬಂತಾ?

ವೈಟ್‌ಫೀಲ್ಡ್ ಬೋರ್‌ವೆಲ್:
ಕನೆಕ್ಷನ್ ಬಂದಿದೆ. ಬೋರ್ ಜೊತೆ ಒಂದೇ ಸಂಪಿಗೆ ಬೆರೆಸುತ್ತಾರೆ, ಅದಕ್ಕೇ ಹೇಳಿದ್ದು.

ವೈರ್‌ಮನ್ ಹಾಸನ:
ಜೊತೆಗೆ ಮೇಲಿರುವ ಪ್ರೆಶರ್ ವಾಲ್ವ್ ಬಾಯಿಗೆ ಯಾರೂ ಬಿರಡೆ ಹಾಕಬೇಡಿ. ಹನಿ ಬೀಳುತ್ತದೆ ಅಂತ ಬಟ್ಟೆ ಸುತ್ತಿ ಕಟ್ಟಿದವರನ್ನು ನೋಡಿದ್ದೇನೆ. ಒಳಗೆ ಒತ್ತಡ ಏರಿದರೆ ಹೊರಗೆ ಬಿಡುವ ದಾರಿಯೇ ಅದು. ಅದನ್ನು ಮುಚ್ಚಿದರೆ ಟ್ಯಾಂಕ್ ಸಿಡಿಯುತ್ತದೆ.

ರಾಜಾಜಿನಗರದವಳು:
15 ಲೀಟರ್ 5 ಸ್ಟಾರ್ ಅಂತ ತೀರ್ಮಾನ ಆಯ್ತು. ಹಳೇ ಗ್ಯಾಸ್ ಗೀಸರ್ ಚೆನ್ನಾಗೇ ಇದೆ, ಪಕ್ಕದ ಬೀದಿಯವರೊಬ್ಬರು 1,500 ರೂಪಾಯಿಗೆ ಕೇಳುತ್ತಿದ್ದಾರೆ. ಕೊಡಬಹುದಾ?

ಶವರ್ ಪ್ರಿಯೆ:
ಬೇಡವೇ ಬೇಡ. ನಿಮ್ಮ ಮಗಳಿಗೆ ಆಗಿದ್ದು ಇನ್ನೊಬ್ಬರ ಮಗಳಿಗೆ ಆಗುವುದು ಬೇಡ. ಗುಜರಿಗೆ ಹಾಕಿ.

ಹದಿನೈದು ವರ್ಷದ ಗ್ಯಾಸ್ ಬಳಕೆದಾರ:
ಹೊರಗೆ ಹಾಕುವವರಿಗೆ ಕೊಡಬಹುದಲ್ವಾ? ನಮ್ಮ ಹಾಗೆ ಯುಟಿಲಿಟಿ ಇರುವವರಿಗೆ? ಒಳ್ಳೆಯ ವಸ್ತುವನ್ನು ಸುಮ್ನೆ ಗುಜರಿಗೆ ಯಾಕೆ?

ಬಾಯ್ಲರ್ ಎಂಜಿನಿಯರ್:
ಎಲ್ಲಿ ಹಾಕುತ್ತಾರೆ ಅಂತ ನೀವೇ ಹೋಗಿ ನೋಡುವುದಾದರೆ ಕೊಡಿ ಮೇಡಂ. ಬಚ್ಚಲಿನೊಳಗೆ ಅಂದರೆ ಕೊಡಬೇಡಿ. ಗ್ಯಾಸ್ ಬಳಸುವುದನ್ನು ಮುಂದುವರಿಸುವವರು ಯಾರೇ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಕೊಳ್ಳಿ. ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಿ. ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ, ಅದು ಈ ಅನಿಲಕ್ಕೆ ಕೂಗುವುದಿಲ್ಲ.

ಹದಿನೈದು ವರ್ಷದ ಗ್ಯಾಸ್ ಬಳಕೆದಾರ:
ಸರಿ, ಅಲಾರಂ ನಾನೂ ತರಿಸುತ್ತೇನೆ. ಯುಟಿಲಿಟಿಗೆ ಗಾಜು ಹಾಕಿಸಬೇಕು ಅಂತ ಮನೆಯವರು ಹೇಳುತ್ತಿದ್ದರು, ಮಳೆ ನೀರು ಹೊಡೆಯುತ್ತದೆ ಅಂತ. ಅದನ್ನು ಕೈಬಿಟ್ಟೆ.

ಮೈಸೂರು ಡಾಕ್ಟರ್:
ತುಂಬಾ ಒಳ್ಳೆಯದು ಸರ್. ಗಾಜು ಹಾಕಿದ್ದರೆ ಯುಟಿಲಿಟಿಯೂ ಬಚ್ಚಲುಮನೆಯ ಹಾಗೇ ಆಗುತ್ತಿತ್ತು.

ಇನ್ನೊಂದು ಹೇಳಿಬಿಡುತ್ತೇನೆ. ಒಳಗೆ ಯಾರಾದರೂ ಬಿದ್ದ ಸದ್ದು ಕೇಳಿ ಬಾಗಿಲು ಒಡೆದರೆ, ಮೊದಲು ಉಸಿರು ಬಿಗಿಹಿಡಿದು ಅವರನ್ನು ಹೊರಗೆ ಎಳೆಯಿರಿ, ಗಾಳಿ ಇರುವ ಕಡೆಗೆ. ಗೀಸರ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿ. ಮುಖಕ್ಕೆ ನೀರು ಚಿಮುಕಿಸಿ ಎಚ್ಚರ ಆಯ್ತು ಅಂತ ಮನೆಯಲ್ಲೇ ಮಲಗಿಸಬೇಡಿ. ಬರೀ ಗಾಳಿಯಲ್ಲಿ ರಕ್ತದಲ್ಲಿರುವ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.

ಹುಬ್ಬಳ್ಳಿ ಮಂದಿ:
ನಮ್ಮ ತಂಗಿ ಬೆಂಗಳೂರಿನ ಪಿಜಿಯೊಳಗ ಇದ್ದಾಳ. ಬಚ್ಚಲದಾಗ ಗ್ಯಾಸ್ ಗೀಸರ್ ಐತೇನು ಅಂತ ಈಗ ಫೋನ್ ಹಚ್ಚಿ ಕೇಳಿದೆ. ಐತಂತ. ನಾಳೆ ಮುಂಜಾನೆ ಗಾಡಿಗೆ ಹೊಂಟೀನಿ.